ಹಾಲಿನ ಪುಡಿಯ ಪೇಢೆ

ಬೆಳಿಗ್ಗೆ ಪೇಢೆ ಮಾಡೋಣವೆಂದು ಹಾಲಿನ ಪುಡಿಯ ಪ್ಯಾಕೆಟ್ಟಿನ ಮೂತಿ ಕತ್ತರಿಸಿದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಮೈಯೆಲ್ಲ ಉರಿಯಿತು. ಹಾಲಿನ ಪುಡಿಯ ಮೇಲೂ ಯಾರಾದರೂ ಸಿಟ್ಟು ಮಾಡಿಕೊಳ್ಳುತ್ತಾರೆಯೇ ಎಂದು ನೀವು ನಗಬಹುದು. ನಗಿ. ನಾನಂತೂ ಇಷ್ಟು ವರ್ಷವಾದರೂ ಮಾಡಿಕೊಳ್ಳುತ್ತೇನೆ.

ದೆಹಲಿಯ ಮಯೂರ್ ವಿಹಾರಕ್ಕೆ ಇನ್ನೂ ಮೆಟ್ರೋ ಬಂದಿರದ ಕಾಲ ಅದು. ಆರ್.ಕೆ.ಪುರಂನ ಕಚೇರಿಗೆ ನಾನು ಚಾರ್ಟರ್ಡ್ ಬಸ್ಸಿನಲ್ಲಿ ಹೋಗುತ್ತಿದ್ದೆ. ತಿಂಗಳ ಪಾಸಿನ ಖಾಸಗಿ ಬಸ್ಸು. ದಿನಾ ಅದೇ ಜನ, ಅದೇ ಸೀಟು. ಹಿಂದಿನ ಸೀಟುಗಳಲ್ಲಿ ಇಸ್ಪೀಟು, ಮುಂದೆ ಹೆಂಗಸರ ಹೆಣಿಗೆ, ಚಳಿಗಾಲದಲ್ಲಿ ಎಲ್ಲರ ಮಡಿಲಲ್ಲೂ ಬಟಾಣಿ ಬಿಡಿಸುವ ಕೆಲಸ. ಮಂಗಳವಾರ ಹನುಮಂತನ ಭಜನೆ, ಕೊನೆಗೆ ಬೂಂದಿ ಪ್ರಸಾದ. ನಾನೂ ತಾಳ ಹಾಕುತ್ತಿದ್ದೆ, ಬೂಂದಿಯನ್ನಂತೂ ಎರಡು ಸಲ ಇಸಿದುಕೊಳ್ಳುತ್ತಿದ್ದೆ. ನನ್ನ ಹೆಸರು ಕೇಳಿದರೆ ಕ್ರೈಸ್ತಳೆಂದು ಯಾರಿಗೂ ತಿಳಿಯುವಂತಿರಲಿಲ್ಲ. ನಾನೂ ತಿಳಿಸುವ ಗೋಜಿಗೆ ಹೋಗಿರಲಿಲ್ಲ.

ಬಸ್ಸಿನಲ್ಲಿ ಒಂದು ಪದ್ಧತಿಯಿತ್ತು. ಮನೆಯಲ್ಲಿ ಏನೇ ಖುಷಿಯಾದರೂ ಸಿಹಿ ಹಂಚಬೇಕು, ಕಾರಣ ಹೇಳಬೇಕು. ಮೊದಲ ವರ್ಷ ಕ್ರಿಸ್‌ಮಸ್ಸಿನ ಹಿಂದಿನ ದಿನ ಕೇಕು ತೆಗೆದುಕೊಂಡು ಹೋದೆ. ಕಾರಣ ಕೇಳಿದರು. ಬಾಯಿಂದ ಹೊರಟಿದ್ದು ‘ಬರ್ತ್‌ಡೇ’ ಅನ್ನುವ ಒಂದೇ ಮಾತು. ಇಡೀ ಬಸ್ಸು ಚಪ್ಪಾಳೆ ತಟ್ಟಿ ನನಗೆ ಹ್ಯಾಪಿ ಬರ್ತ್‌ಡೇ ಹಾಡಿತು. ಅಲ್ಲಿಂದ ಮುಂದೆ ಪ್ರತಿವರ್ಷವೂ ಅದೇ ದಿನ ಹಾಡಿತು. ನಿಜವಾಗಿ ನಾನು ಹುಟ್ಟಿದ್ದು ಸುಡುವ ಮೇ ತಿಂಗಳಲ್ಲಿ. ಸ್ವಾಮಿಯ ಹುಟ್ಟುಹಬ್ಬವನ್ನು ನನ್ನ ಹೆಸರಿಗೆ ಬರೆಸಿಕೊಂಡು, ಹಲ್ಲು ಕಿರಿದು ಥ್ಯಾಂಕ್ಯೂ ಹೇಳುತ್ತಿದ್ದ ಮಹಾತಾಯಿ ನಾನು.

ಪಕ್ಕದ ಸೀಟು ಪದ್ಮಕ್ಕನದು. ಮೈಸೂರಿನವರು, ಒಂದು ಇಲಾಖೆಯಲ್ಲಿ ಯುಡಿಸಿ ಗುಮಾಸ್ತೆ. ದೆಹಲಿಗೆ ಬಂದ ಹೊಸದರಲ್ಲಿ ನನಗೆ ಮನೆ ಹುಡುಕಿಕೊಟ್ಟವರು, ಜ್ವರ ಬಂದಾಗ ಗಂಜಿ ತಂದವರು. ಒಂದು ವರ್ಷ ಅವರ ಯಜಮಾನರಿಗೆ ಹೃದಯದ ಆಪರೇಷನ್ ನಿಗದಿಯಾಯಿತು. ಪದ್ಮಕ್ಕ ಕಿಟಕಿಗೆ ಮುಖ ತಿರುಗಿಸಿ ಅಳುವರು. ನಾನು ಅವರ ಕೈ ಹಿಡಿದು ಕೂರುವೆ. ಪ್ರಾರ್ಥನೆ ನಾಲಿಗೆಯ ತುದಿಗೆ ಬರುವುದು, ಅಲ್ಲೇ ನಿಲ್ಲುವುದು. ಕಷ್ಟ ನೋಡಿ ಮತಕ್ಕೆ ಸೆಳೆಯಲು ಬಂದಳು ಅಂದುಕೊಂಡುಬಿಟ್ಟರೆ? ಆ ಊರಿನಲ್ಲಿ ನನಗಿದ್ದ ಒಬ್ಬಳೇ ಅಕ್ಕನನ್ನು ಕಳೆದುಕೊಂಡುಬಿಟ್ಟರೆ? ಹೆದರಿಕೆಯೆಂದರೆ ಇಷ್ಟೇ ನೋಡಿ, ಹಿಂದಿನ ಕಾಲದ ಕ್ರೈಸ್ತರ ಹಾಗೆ ಸಿಂಹದ ಬಾಯಿಗೆ ಬೀಳುವುದೇನೂ ಅಲ್ಲ.

ನಮ್ಮ ಮುಂದಿನ ಸೀಟಿನಲ್ಲಿ ಮೂರ್ತಿಯವರು. ಅವರೂ ಕನ್ನಡದವರೇ, ಸೆಕ್ಷನ್ ಆಫೀಸರು. ಒಂದು ಬೆಳಿಗ್ಗೆ ಪೇಪರಿನಲ್ಲಿ ಯಾವುದೋ ಚರ್ಚಿನ ಕಿಟಕಿಗೆ ಕಲ್ಲು ಬಿದ್ದ ಸುದ್ದಿಯಿತ್ತು. ಅದನ್ನು ಓದಿ ಹೇಳಿ, ನಮ್ಮತ್ತ ತಿರುಗಿ ನಕ್ಕರು.

“ಅಚ್ಛಾ ಹುವಾ, ಒಳ್ಳೇದೇ ಆಯ್ತು ಬಿಡಿ. ಇವರ ಅಜ್ಜಂದಿರು ಪಾದ್ರಿ ಕೊಡೋ ಹಾಲಿನ ಪುಡಿ ಆಸೆಗೆ ಜಾತಿ ಬಿಟ್ರು, ಮೊಮ್ಮಕ್ಕಳದ್ದು ಈಗ ಹಾಲಿನ ಪುಡಿ ಭಕ್ತಿ.”

ನನ್ನ ಕಣ್ಣಿಗೆ ಕಂಡದ್ದು ನನ್ನಜ್ಜಿ. ಬೆಟಗೇರಿಯಲ್ಲಿ ರೊಟ್ಟಿ ಬಡಿಯುತ್ತ, ಒಲೆಯ ಮುಂದೆಯೇ ಕಣ್ಣು ಮುಚ್ಚಿ, ಓಣಿಯವರ ಹೆಸರನ್ನೆಲ್ಲ ಒಂದೊಂದಾಗಿ ದೇವರಿಗೆ ಹೇಳುತ್ತಿದ್ದವಳು. ಅವಳಿಗೆ ಹಾಲು ಅಂದರೆ ಎಮ್ಮೆಯ ಹಾಲು ಮಾತ್ರ. ಅವಳ ನಂಬಿಕೆಗೆ ಈ ಮನುಷ್ಯ ಪುಡಿಯ ಬೆಲೆ ಕಟ್ಟುತ್ತಾನೆಯೇ? ಕಲ್ಲು ಬಿದ್ದದ್ದಕ್ಕೆ ನಗುತ್ತಾನೆಯೇ? ಎದ್ದು ನಿಂತಿದ್ದು ನನಗೇ ಗೊತ್ತಾಗಲಿಲ್ಲ.

“ಸರ್, ನಾನು ಕ್ರಿಶ್ಚಿಯನ್. ಶಾಲೇಲಿ ಗೋಧಿ ಉಪ್ಪಿಟ್ಟಿನ ಜೊತೆ ಹಾಲಿನ ಪುಡಿ ಹಾಲು ಕುಡಿದು ಬೆಳೆದೆ ಅಂತ ನೀವೇ ಎಷ್ಟು ಸಲ ಹೇಳಿಲ್ಲ? ಅಷ್ಟು ಕುಡಿದ ನೀವು ಯಾಕೆ ಕ್ರಿಶ್ಚಿಯನ್ ಆಗಲಿಲ್ಲ ಸರ್?”

ಹಿಂದೆ ಇಸ್ಪೀಟು ನಿಂತಿತು. ಕನ್ನಡ ಬಾರದವರಿಗೂ ವಿಷಯ ಅರ್ಥವಾಗಿತ್ತು. ಮೂರ್ತಿಯವರು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದರು. ನಾನು ಕುಸಿದು ಕೂತೆ. ಪಕ್ಕಕ್ಕೆ ನೋಡುವ ಧೈರ್ಯವಿರಲಿಲ್ಲ. ಬಸ್ಸು ಯಮುನಾ ಸೇತುವೆ ದಾಟಿತು, ಪದ್ಮಕ್ಕ ನನ್ನ ಮೊಣಕೈ ತಿವಿದರು. ಆಮೇಲೆ ಹೇಳಿದರು.

“ಬೈದಿದ್ದಾಯ್ತಲ್ಲ. ಈಗ ನಿನ್ನ ದೇವರ ಹತ್ರ ನಮ್ಮೆಜಮಾನ್ರ ವಿಷಯ ಹೇಳು.”

“ಇಲ್ಲೇನಾ ಅಕ್ಕ?”

“ಇಲ್ಲೇ. ಜೋರಾಗಿ ಹೇಳು, ನನಗೂ ಕೇಳಿಸ್ಬೇಕು. ಇಷ್ಟು ದಿನ ಬರೀ ಕೈ ಹಿಡ್ಕೊಂಡು ಕೂತಿದ್ದೆಯಲ್ಲೇ.”

ಆ ಕೊನೆಯ ಮಾತಿನಲ್ಲಿ ಸಿಟ್ಟಿತ್ತು. ಮೂರ್ತಿಯವರ ಮಾತಿಗಿಂತ ಹೆಚ್ಚು ಚುಚ್ಚಿದ್ದು ಅದೇ. ನಾನು ಕಣ್ಣು ಮುಚ್ಚಿ ಅಜ್ಜಿಯ ಧಾಟಿಯಲ್ಲೇ ಶುರು ಮಾಡಿದೆ. ಯಜಮಾನರ ಹೆಸರು ಹೇಳಿದೆ, ಡಾಕ್ಟರ ಕೈಗಳನ್ನು ನೆನೆದೆ, ಪದ್ಮಕ್ಕನಿಗೆ ರಾತ್ರಿ ನಿದ್ದೆ ಕೊಡಪ್ಪ ಎಂದು ಕೇಳಿದೆ. ಆಶ್ರಮ್ ಚೌಕದ ಹಾರ್ನುಗಳ ನಡುವೆ ಆಮೆನ್ ಅಂದೆ. ಪದ್ಮಕ್ಕ ಮೂಗು ಒರೆಸಿಕೊಂಡು, “ಚಾಮುಂಡಿಗೂ ಹರಕೆ ಹೊತ್ತಿದ್ದೀನಿ ಕಣೇ, ನಿನ್ನ ದೇವರಿಗೆ ಬೇಜಾರಿಲ್ಲ ತಾನೇ?” ಅಂದರು. ನಾನು ಅಳುತ್ತಲೇ ನಕ್ಕುಬಿಟ್ಟೆ.

ಯಜಮಾನರು ಗುಣವಾಗಿ ಮನೆಗೆ ಬಂದರು. ಆ ಡಿಸೆಂಬರಿನಲ್ಲಿ ನಾನು ಕೇಕು ತರಲಿಲ್ಲ. ಹಟ ಹಿಡಿದು ಹಾಲಿನ ಪುಡಿಯ ಪೇಢೆ ಮಾಡಿ ಒಯ್ದೆ. ಮೊದಲು ಮೂರ್ತಿಯವರ ಮುಂದೆಯೇ ಡಬ್ಬಿ ಹಿಡಿದು, ಏತರದ್ದು, ಯಾರ ಹುಟ್ಟುಹಬ್ಬಕ್ಕೆ ಎಂದು ಎರಡನ್ನೂ ಬಿಡಿಸಿ ಹೇಳಿದೆ. ಅವರು ಕ್ಷಮೆ ಕೇಳಲಿಲ್ಲ. ಒಂದನ್ನು ಬಾಯಿಗೆ ಹಾಕಿಕೊಂಡು, ಇನ್ನೊಂದಕ್ಕೆ ಕೈ ಚಾಚಿದರು. ಅದಕ್ಕೂ ಸಿಟ್ಟು ಬಂತು. ಕೊಟ್ಟೆ.

ಆ ಸಿಟ್ಟು ಇವತ್ತಿಗೂ ಪೂರ್ತಿ ಹೋಗಿಲ್ಲ, ಸುಳ್ಳೇಕೆ ಹೇಳಲಿ. ಈಗ ಮೈಸೂರಿನಲ್ಲಿರುವ ಪದ್ಮಕ್ಕ ಬೆಳಿಗ್ಗೆಯೇ ಫೋನು ಮಾಡಿ, ಕ್ರಿಸ್‌ಮಸ್ಸಿನ ಪೇಢೆಗೆ ಏಲಕ್ಕಿ ಹಾಕಲು ಮರೆಯಬೇಡ ಎಂದು ಗದರಿಸಿದ್ದಾರೆ. ಪುಡಿ ತುಪ್ಪದಲ್ಲಿ ಹದಕ್ಕೆ ಬರುತ್ತಿದೆ. ಎದುರು ಫ್ಲಾಟಿಗೆ ಹೊಸಬರು ಬಂದಿದ್ದಾರೆ. ಡಬ್ಬಿ ನೋಡಿ ಏನು ವಿಶೇಷ ಎಂದು ಕೇಳಿಯೇ ಕೇಳುತ್ತಾರೆ. ಕೇಳಲಿ. ಹುಟ್ಟಿದ್ದು ನಾನಲ್ಲ ಎಂದು ಹೇಳಿಯೇ ಕೊಡುತ್ತೇನೆ.