ಐಸಿಯುನಲ್ಲಿ ಕಾಲೂರಿದ ಇಂಚರಾ

ಆಗಷ್ಟೇ ಬೆಳಕು ಹರಿಯುತ್ತಿದೆ. ವಿಜಯವಾಡದ ಖಾಸಗಿ ಆಸ್ಪತ್ರೆಯೊಂದರ ಐಸಿಯುನಲ್ಲಿ ಇಂಚರಾ ಪ್ರಜ್ಞೆಯಿಲ್ಲದ ವೃದ್ಧರೊಬ್ಬರ ಬಾಯಿ ಒರೆಸುತ್ತಿದ್ದಾಳೆ. ಅವಳ ತುಟಿ ಆಡುತ್ತಲೇ ಇದೆ. ಗಾಜಿನಾಚೆ ನಿಂತ ನನಗೆ ಏನೂ ಕೇಳಿಸುವುದಿಲ್ಲ. ಹೊರಬಂದ ಮೇಲೆ ಕೇಳಿದರೆ ನಗುತ್ತಾಳೆ. "ತಾತಗಾರೂ, ಸ್ವಲ್ಪ ತಣ್ಣಗ ಆಗ್ತದ ಅಂತ ಹೇಳ್ತಿದ್ದೆ. ಅವ್ರಿಗೆ ಕೇಳಸ್ತದೋ ಇಲ್ಲೋ ಗೊತ್ತಿಲ್ರಿ. ಹೇಳಲಾರ್ದ ಮೈ ಮುಟ್ಟೋದು ಚಂದ ಅಲ್ಲ."

ಇಂಚರಾ ಸಿಂಧನೂರಿನವಳು, ಸೈಕಲ್ ರಿಪೇರಿ ಮಾಡುವವರ ಮಗಳು. ನರ್ಸಿಂಗ್ ಪದವಿ ಮುಗಿಸಿ ವರ್ಷವೂ ತುಂಬಿಲ್ಲ. ಪಟಮಟದ ಹಾಸ್ಟೆಲಿನಿಂದ ಸಿಟಿ ಬಸ್ಸು ಹಿಡಿದು ಬರುತ್ತಾಳೆ. ಊರಿನ ಸುತ್ತ ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳಲ್ಲಿ ಕಿವಿಗೆ ಬಿದ್ದ ತೆಲುಗು ಇಲ್ಲಿ ಕೈ ಹಿಡಿದಿದೆ. ಕೈ ಕೊಟ್ಟದ್ದು ಧೈರ್ಯ.

ಪಾಳಿಗೆ ಇಬ್ಬರು ರೋಗಿಗಳು. ಗಂಟೆಗೊಮ್ಮೆ ಮೂತ್ರದ ಅಳತೆ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾವಣೆ, ನಡುನಡುವೆ ಕಫ ತೆಗೆಯುವುದು. ಇಬ್ಬರೇ ತಾನೆ ಎನ್ನುವವರು ಒಂದು ಪಾಳಿ ಅಲ್ಲಿ ನಿಂತು ನೋಡಬೇಕು. "ಮೊದ್ಮೊದ್ಲು ಊಟ ಸೇರ್ತಿರ್ಲಿಲ್ರಿ. ಮಲಗಿದ್ರೂ ಮಾನಿಟರ್ ಕೂಗಿದಂಗ ಆಗೋದು. ಸಲೈನ್ ಡಬ್ಬಿ ಇಡೋ ರೂಮಿನಾಗ ಹೋಗಿ ಅಳ್ತಿದ್ದೆ."

ಹಾಗಿರುವಾಗಲೇ ಒಂದು ತಪ್ಪು ನಡೆಯಿತು. ಮಂಗಳಗಿರಿಯ ನೇಕಾರ ಕಾಮೇಶ್ವರ ಅವರ ರಕ್ತದೊತ್ತಡ ಬೀಳದಂತೆ ಹಿಡಿದಿಟ್ಟಿದ್ದು ಸಿರಿಂಜ್ ಪಂಪಿನಿಂದ ಬಿಡದೆ ಹರಿಯುತ್ತಿದ್ದ ಔಷಧಿ. ಮುಗಿಯುತ್ತಾ ಬಂದಿದೆ ಎಂದು ಪಂಪು ಕೂಗಿತು. ಇಂಚರಾ ಸದ್ದು ಅಡಗಿಸಿ ಇನ್ನೊಬ್ಬ ರೋಗಿಯತ್ತ ಹೋದಳು. ವಾರ್ಡಿನಲ್ಲಿ ಸಲೈನ್ ಬಾಟಲಿ ಖಾಲಿಯಾದ ಮೇಲೆ ಇನ್ನೊಂದು ತೂಗುಹಾಕಿ ಅವಳಿಗೆ ರೂಢಿ. ಆದರೆ ಇದು ಖಾಲಿಯಾಗುವ ಮುಂಚೆಯೇ ಮುಂದಿನ ಸಿರಿಂಜು ತುಂಬಿ, ಪಕ್ಕದಲ್ಲಿ ಕಾದಿರಬೇಕಾದ ಔಷಧಿ. ಅವಳು ತುಂಬಲು ಶುರುಮಾಡುವಷ್ಟರಲ್ಲಿ ಒತ್ತಡ ಜರ್ರನೆ ಇಳಿಯಿತು. ಅವಸರಕ್ಕೆ ಔಷಧಿಯ ಸೀಸೆ ಜಾರಿ ಕೆಳಗೆ ಬಿತ್ತು.

ಓಡಿಬಂದವರು ಸೀನಿಯರ್ ಸಿಸ್ಟರ್ ಮಾಧವೀಲತಾ. ಬೈಯುತ್ತಾ ನಿಲ್ಲಲಿಲ್ಲ. ಹೊಸ ಸಿರಿಂಜು ತುಂಬಿ ಪಂಪಿಗೆ ಕೂರಿಸಿದರು. ಒತ್ತಡ ಮೆಲ್ಲಗೆ ಮೇಲೆ ಬಂತು. ಡಾಕ್ಟರ್ ಬಂದಾಗ ನಡೆದದ್ದನ್ನು ಮುಚ್ಚಿಡದೆ ಹೇಳಿ, "ಹೊಸಬಳಿಗೆ ನಾನು ಮೊದಲೇ ತೋರಿಸಿಕೊಡಬೇಕಿತ್ತು" ಎಂದು ಸೇರಿಸಿದರು.

ಆ ದಿನ ಹಾಸ್ಟೆಲಿಗೆ ಹೋಗಿ ಇಂಚರಾ ಕೆಲಸ ಬಿಟ್ಟು ಊರಿಗೆ ಹೋಗಲು ಬ್ಯಾಗು ತುಂಬಿದ್ದಳು. ಅವಳನ್ನು ತಡೆದದ್ದು ಪಾಳಿ ಮುಗಿದಾಗ ಮಾಧವೀಲತಾ ಹೇಳಿದ್ದ ಮಾತು. "'ಹೋಗಿ ಅಳು, ಮಲಕ್ಕೋ. ನಾಳೆ ಅದೇ ಬೆಡ್ ನಿಂದೇ' ಅಂದ್ರು ಅಕ್ಕ. ನಂಬ್ಲಿಕ್ಕೇ ಆಗ್ಲಿಲ್ರಿ. ಅಂಥಾ ತಪ್ಪು ಮಾಡಿದಾಕಿ ಕೈಯಾಗ ಯಾರರ ಮತ್ತ ಅದೇ ಜೀವ ಕೊಡ್ತಾರೇನ್ರಿ?"

ಮಾಧವೀಲತಾ ಅವರನ್ನೇ ಕೇಳಿದೆ. "ಬೇರೆ ಬೆಡ್ ಕೊಟ್ಟಿದ್ದರೆ ಈಗ ಸಿಂಧನೂರಲ್ಲಿ ಕೂತು ನನ್ನನ್ನು ಬೈತಿದ್ದಳು" ಎಂದು ತೆಲುಗಿನಲ್ಲಿ ಹೇಳಿ ನಕ್ಕರು. ಮರುದಿನ ಇಡೀ ಪಾಳಿ ತಾವು ಅವಳ ಬೆನ್ನ ಹಿಂದೆಯೇ ನಿಂತಿದ್ದನ್ನು ಅವರು ಹೇಳಲಿಲ್ಲ. ಅದನ್ನು ಹೇಳಿದವಳು ಇಂಚರಾ.

ಕಾಮೇಶ್ವರ ಹೆಂಡತಿಯ ಹೆಗಲು ಹಿಡಿದು ನಡೆದುಕೊಂಡೇ ಮನೆಗೆ ಹೋದರು. ನಡೆದದ್ದನ್ನೆಲ್ಲ ಡಾಕ್ಟರೇ ಗಂಡ ಹೆಂಡತಿಗೆ ತಿಳಿಸಿದ್ದರು. ಆದರೂ ಹೋಗುವಾಗ ಇಂಚರಾಳಿಗೆ ಕೈಮುಗಿದರು. "ನಾ ಕೈ ಮುಗೀಬೇಕಿತ್ರಿ, ಅವ್ರೇ ಮುಗುದ್ರು" ಎನ್ನುವಾಗ ಅವಳ ಕಣ್ಣುಗಳು ಒದ್ದೆಯಾಗುತ್ತವೆ. ನನ್ನವೂ.

ಮುಂದಿನ ತಿಂಗಳು ಮಾಧವೀಲತಾ ವಿಶಾಖಪಟ್ಟಣದ ಶಾಖೆಗೆ ಹೋಗುತ್ತಾರೆ. ಈ ವಾರ ಶ್ರಾವಣಿ ಎಂಬ ಹೊಸ ಹುಡುಗಿ ಸೇರಿದ್ದಾಳೆ, ಇಂಚರಾಳ ಜೊತೆಯಲ್ಲೇ ಕಲಿಯಲು. ನಿನಗೇನು ಆಸೆ ಎಂದು ಕೇಳಿದರೆ ಇಂಚರಾ ಗಾಜಿನಾಚೆಯ ಆ ಹುಡುಗಿಯನ್ನು ನೋಡುತ್ತಾ ಹೇಳುತ್ತಾಳೆ.

"ಅಕಿ ಕೈಯಾಗೂ ಒಂದಿನ ತಪ್ಪಾಗ್ತದ್ರಿ. ಅವತ್ತು ನಾ ಅಕಿ ಮುಂದ ಅಲ್ಲ, ಹಿಂದ ನಿಂತಿರ್ಬೇಕು. ಅಷ್ಟೇ."