ಬಾಗಿಲ ಹಿಂದೆ ಬರೆದ ಟಾರ್ಗೆಟ್

ಚಾಮರಾಜನಗರದ ಗಾರ್ಮೆಂಟ್ಸಿಗೆ ಸೇರಿದ ಎರಡನೇ ವಾರ. ಊಟ ಮುಗಿದಿತ್ತೋ ಇಲ್ಲವೋ, ನಮ್ಮನ್ನೆಲ್ಲ ಸಾಲಾಗಿ ಕೂರಿಸಿ ಮಕ್ಕಳನ್ನು ಬೆಳೆಸುವುದು ಹೇಗೆ ಎಂದು ಪಾಠ ಶುರು ಮಾಡಿದರು! ನನಗೆ ಮೈಯೆಲ್ಲ ಉರಿಯಿತು. ನಮ್ಮ ಬಾದಾಮಿ ಕಡೆ ಹೆತ್ತವಳಿಗೆ ಇದನ್ನು ಕಲಿಸಲು ಬಂದವರನ್ನು ಓಣಿ ದಾಟಿಸಿಯೇ ಬರುತ್ತಾರೆ.

ಆದರೆ ಅಲ್ಲಿ ನನ್ನ ಮಗಳು ಗೌರಿಯನ್ನು ಬೆಳೆಸಿದ್ದು ಆ ಇಡೀ ಓಣಿ. ಗಂಡನಿಗೆ ಇಲ್ಲಿನ ಕರಿಕಲ್ಲಿನ ಕ್ವಾರಿಯಲ್ಲಿ ಕೆಲಸ ಸಿಕ್ಕಿ ಬಂದ ಮೇಲೆ, ಎಂಟು ವರ್ಷದ ಅವಳು ದಿನಾ ಶಾಲೆಯಿಂದ ಬಂದೊಡನೆ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ ಒಬ್ಬಳೇ ಕೂರುತ್ತಿದ್ದಳು. ಮಾತೇ ಕಡಿಮೆಯಾಯಿತು. ಫೋನಿನಲ್ಲಿ ನನ್ನವ್ವನದು ಒಂದೇ ಹಟ: “ಹುಡುಗೀನ ಇಲ್ಲಿಗೆ ಕಳಸಿಬಿಡು, ನಾ ಬೆಳಸ್ತೀನಿ.” ರಜೆಯವರೆಗೆ ನೋಡುತ್ತೇನೆ ಎಂದಿದ್ದೆ.

ಪಾಠ ಹೇಳುವ ಮೇಡಂ ಗುಂಡ್ಲುಪೇಟೆಯಿಂದ ಬರುತ್ತಿದ್ದರು. “ಮನೆಗೆ ಹೋದ ತಕ್ಷಣ ಒಲೆ ಹಚ್ಚಬೇಡಿ. ಹತ್ತು ನಿಮಿಷ ಮಗೂ ಪಕ್ಕ ಕೂತ್ಕೊಳ್ಳಿ. ದಿನಕ್ಕೊಂದು ಕ್ರಮ ಇರಲಿ,” ಎಂದರು. ಕ್ರಮ ಅಂದರೆ ನನಗೆ ಗೊತ್ತಿದ್ದದ್ದು ನಮ್ಮ ಲೈನಿನ ತುದಿಯ ಹಲಗೆ. ಗಂಟೆಗೆ ಇಷ್ಟು ಕಾಲರ್ ಹೊಲಿಯಬೇಕು ಎಂದು ಟಾರ್ಗೆಟ್ ಬರೆದಿರುತ್ತಾರೆ, ಕಡಿಮೆಯಾದರೆ ಕೆಂಪು ಗುರುತು. ನಾನೂ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಗೌರಿಯ ಟಾರ್ಗೆಟ್ ಬರೆದೆ: ಐದಕ್ಕೆ ಮಗ್ಗಿ, ಆರಕ್ಕೆ ಕಾಪಿ ಬರೆಯುವುದು, ಏಳಕ್ಕೆ ನನ್ನ ಜೊತೆ ಮಾತು. ತಪ್ಪಿದ್ದಕ್ಕೆಲ್ಲ ಕೆಂಪು.

ನಾಲ್ಕನೇ ಸಂಜೆ ಗೌರಿ ಆ ಕೆಂಪನ್ನೇ ನೋಡುತ್ತ ಕೇಳಿದಳು: “ಅವ್ವಾ, ಟಾರ್ಗೆಟ್ ಆಗಲಿಲ್ಲಂದ್ರ ನನ್ನ ಊರಿಗೆ ಕಳಸ್ತಿ ಏನು?”

ಫೋನಿನ ಮಾತೆಲ್ಲ ಅವಳ ಕಿವಿಗೆ ಬಿದ್ದಿತ್ತು. ನನಗೆ ನನ್ನ ಮೇಲೆಯೇ ಅಸಹ್ಯವಾಯಿತು.

ಮುಂದಿನ ಪಾಠದಲ್ಲಿ ಎಲ್ಲರೆದುರು ಇದನ್ನು ಹೇಳಿ ಅತ್ತೆ. ಪಕ್ಕದ ಮೆಷೀನಿನ ಮಾದಮ್ಮ ಚಂದಕವಾಡಿಯವಳು, ಈಗ ನಮ್ಮ ಬೀದಿಯಲ್ಲೇ ಮನೆ. ಬೆನ್ನು ಸವರಿದಳು: “ಅಳ್ಬ್ಯಾಡ ಕಣಕ್ಕ. ಬರ್ದಿರದ ಅಳಿಸ್ಬುಡು. ಕೂಸ್ನ ಎಲ್ಲೂ ಕಳಿಸ್ಬ್ಯಾಡ, ನೀ ಬರಗಂಟ ನಮ್ಮಟ್ಟೀಲಿ ಇರ್ಲಿ. ನಮ್ಮತ್ತೆ ಅವ್ರೆ, ನೋಡ್ಕತಾರ.” ಇಲ್ಲಿ ಹಟ್ಟಿ ಅಂದರೆ ಮನೆ. ಎಂಟು ವರ್ಷದವಳೂ ಇವರಿಗೆ ಕೂಸೇ.

ಅಂದೇ ಬಾಗಿಲನ್ನು ಒದ್ದೆ ಬಟ್ಟೆಯಿಂದ ಉಜ್ಜಿದೆ. ಒಲೆ ಹಚ್ಚದೆ ಗೌರಿಯ ಪಕ್ಕ ಕೂತೆ. ಅವಳು ಮಾತಾಡಲಿಲ್ಲ, ಆದರೂ ಕೂತೆ. ಹಸಿದ ಗಂಡ ಗೊಣಗಿದರೂ ಏಳಲಿಲ್ಲ. ವಾರ ಕಳೆದ ಮೇಲೆ ಅವಳೇ ಬಾಯಿಬಿಟ್ಟಳು: ಮಾದಮ್ಮನ ಅತ್ತೆ ಮುದ್ದೆಯನ್ನು ಅಗಿಯದೆ ನುಂಗುವುದು ಕಲಿಸಿದರಂತೆ. ಜೋಳದ ರೊಟ್ಟಿ ತಿಂದು ಬೆಳೆದ ನನಗೆ ಅದಿನ್ನೂ ಬಂದಿಲ್ಲ.

ರಜೆ ಹತ್ತಿರ ಬಂದಾಗ ಅವ್ವನಿಗೆ ಫೋನ್ ಮಾಡಿ, ಮಗಳು ನನ್ನ ಹತ್ತಿರವೇ ಇರುತ್ತಾಳೆ ಎಂದೆ. ಅವ್ವ ಅತ್ತಳು. ಗೌರಿ ಫೋನ್ ಕಸಿದುಕೊಂಡಳು: “ಅಳ್ಬ್ಯಾಡ ಕಣಜ್ಜಿ. ರಜಕ್ಕ ಬಂದು ನಿನ್ ಜೊತೆ ಇದ್ದು, ಆಮೇಲ ನಮ್ಮಟ್ಟಿಗ ಬಂದ್ಬುಡ್ತೀನಿ.”

ಗೆದ್ದೆ ಅನ್ನಿಸಿತು. ಆದರೆ ಅವಳು ನಮ್ಮಟ್ಟಿ ಎಂದದ್ದು ಈ ಒಂದು ಕೋಣೆಯನ್ನು. ನನಗೆ ಮನೆ ಎಂದರೆ ಇನ್ನೂ ಬಾದಾಮಿಯೇ.