ಮಾತ್ರೆ ಡಬ್ಬಿ ಕೇಳುತ್ತಿದ್ದ ಏಜೆಂಟರು

ಮುಂಬಯಿ ಚೆಂಬೂರಿನ ನಮ್ಮ ಬಿಲ್ಡಿಂಗಿನಲ್ಲಿ ಯಾರು ವಿದೇಶಕ್ಕೆ ಹೊರಟರೂ ಪ್ರವಾಸದ ವಿಮೆ ಮಾಡಿಸಲು ಬರುತ್ತಿದ್ದವರು ವಿಜಾಪುರ ಕಡೆಯ ಒಬ್ಬ ಏಜೆಂಟರು. ಅಗ್ಗದ್ದು ಯಾವುದು ಎಂದು ಕೇಳಿದರೆ ಕನ್ನಡಕ ಒರೆಸಿಕೊಳ್ಳುತ್ತ, "ಮೊದ್ಲ ಮಾತ್ರೆ ಡಬ್ಬಿ ತೋರಸ್ರಿ, ಪಾಲಿಸಿ ಆಮ್ಯಾಲೆ," ಎನ್ನುತ್ತಿದ್ದರು. ಇರುವ ಕಾಯಿಲೆ ಮುಚ್ಚಿಟ್ಟರೆ ಅಲ್ಲಿನ ಆಸ್ಪತ್ರೆ ಬಿಲ್ಲನ್ನು ಕಂಪನಿ ಕೊಡುವುದಿಲ್ಲವೆಂಬುದು ಅವರ ಚಿಂತೆ.

ತಂಗಿಯ ಬಾಣಂತನಕ್ಕೆ ಅಮ್ಮ ಲಂಡನ್ನಿಗೆ ಹೊರಟಾಗಲೂ ಅದನ್ನೇ ಕೇಳಿದರು.

"ನಂಗೆ ಎಂತ ಕಾಯಿಲೆಯೂ ಇಲ್ಲ ಮಾರಾಯ್ರೆ," ಎಂದರು ಅಮ್ಮ, ನನ್ನ ಮುಖ ನೋಡದೆ.

ಏಜೆಂಟರು ವಾದಿಸಲಿಲ್ಲ. ನೀರು ಕೇಳಿ, ಜೇಬಿನಿಂದ ಒಂದು ಬಿಳಿ ಮಾತ್ರೆ ತೆಗೆದು ನುಂಗಿದರು. "ನನಗ ಶುಗರ್ ಐತ್ರಿ ಅಮ್ಮಾರ. ಮನ್ಯಾಗ ಹೇಳಿದ್ರ ಎಲ್ಲೂ ಕಳಸೂದಿಲ್ಲಂತ ಭಾಳ ದಿನ ಮುಚ್ಚಿಟ್ಟಿದ್ದೆ."

ಅಮ್ಮ ಎದ್ದುಹೋಗಿ ದೇವರ ಫೋಟೋದ ಹಿಂದಿನಿಂದ ಸಣ್ಣ ಸ್ಟೀಲ್ ಡಬ್ಬಿ ತಂದಿಟ್ಟರು. ನಾನು ಅದನ್ನು ಕಂಡದ್ದು ಅದೇ ಮೊದಲು. ಏಜೆಂಟರು ಒಂದೊಂದೇ ಮಾತ್ರೆಯ ಹೆಸರು ಬರೆದುಕೊಂಡು, ಹಳೆ ಕಾಯಿಲೆಗೂ ಅನ್ವಯಿಸುವ ಪಾಲಿಸಿ ಆರಿಸಿದರು.

ಗೇಟಿನ ತನಕ ಬಿಡಲು ಹೋದವನು, "ನಿಮ್ಮ ಶುಗರ್ ಈಗ ಹೇಗಿದೆ?" ಎಂದು ಕೇಳಿದೆ. ಅವರು ಅದೇ ಜೇಬಿಗೆ ಕೈಹಾಕಿ ಇನ್ನೊಂದು ಬಿಳಿ ಮಾತ್ರೆ ನನ್ನ ಅಂಗೈಯಲ್ಲಿಟ್ಟು, "ಬಾಯಾಗ ಹಾಕ್ಕೋರಿ," ಎಂದು ನಡೆದರು. ಬಾಯಿಗೆ ಹಾಕಿಕೊಂಡೆ. ಪೆಪ್ಪರ್‌ಮಿಂಟು.